ಪೋರ್ಟ್ ಮುಚ್ಚುವ ಮುನ್ನ: ನ್ಯಾಕ್ ಹಾಕಹೊರಟವರಿಗೆ ಒಂದು ಎಚ್ಚರಿಕೆ

ಪೀಣ್ಯದ ಒಂದು ಕಾರ್ಖಾನೆ. ಹೆಸರು ಬೇಡ. ಶನಿವಾರ ರಾತ್ರಿ ಕೂತು ಎಲ್ಲ ಸ್ವಿಚ್‌ಗಳಿಗೂ 802.1ಎಕ್ಸ್, ಅಂದರೆ ಗುರುತು ತೋರಿಸಿದವರಿಗಷ್ಟೇ ಪೋರ್ಟ್ ತೆರೆಯುವ ಪದ್ಧತಿ, ಹಾಕಿದರು. ಭಾನುವಾರ ನಾಲ್ಕು ಲ್ಯಾಪ್‌ಟಾಪ್‌ಗಳಲ್ಲಿ ಪರೀಕ್ಷಿಸಿ, ಸರಿಯಿದೆ ಎಂದುಕೊಂಡು ಮನೆಗೆ ಹೋದರು. ಸೋಮವಾರ ಮೊದಲ ಪಾಳಿಯವರು ಬೆರಳು ಒತ್ತಿದರು, ಹಾಜರಾತಿ ಸರ್ವರ್‌ಗೆ ಮುಟ್ಟಲಿಲ್ಲ. ಗೇಟಿನ ವೇಬ್ರಿಡ್ಜ್‌ನಲ್ಲಿ ತೂಕದ ಚೀಟಿ ಬರಲಿಲ್ಲ, ಲಾರಿಗಳು ರಸ್ತೆವರೆಗೂ ಸಾಲುಗಟ್ಟಿದವು. ಸ್ಟೋರ್ಸ್‌ನ ಲೇಬಲ್ ಪ್ರಿಂಟರ್ ಸುಮ್ಮನೆ ಕೂತಿತು. ಮಧ್ಯಾಹ್ನದೊಳಗೆ ಎಲ್ಲ ಪೋರ್ಟ್‌ಗಳಿಂದಲೂ ಸೆಟಿಂಗ್ ಕಿತ್ತುಹಾಕಿದರು. ದುಡ್ಡು ಕೊಟ್ಟು ಕೊಂಡ ನ್ಯಾಕ್ ಈಗಲೂ ಸರ್ವರ್ ಕೋಣೆಯಲ್ಲಿ ಓಡುತ್ತಿದೆ, ಯಾರನ್ನೂ ತಡೆಯುತ್ತಿಲ್ಲ.

ಇದು ಕಾಲೇಜುಗಳಿಗೆ ದರ್ಜೆ ಕೊಡುವ ನ್ಯಾಕ್ ಅಲ್ಲ. ಗೋಡೆಯ ಲ್ಯಾನ್ ಪಾಯಿಂಟಿಗೋ ವೈ-ಫೈಗೋ ಯಾರು ಸೇರಬಹುದು, ಸೇರಿದವರು ಯಾವ ವಿಎಲ್ಯಾನ್‌ಗೆ, ಅಂದರೆ ನೆಟ್‌ವರ್ಕ್‌ನ ಯಾವ ವಿಭಾಗಕ್ಕೆ, ಹೋಗಬೇಕು ಎಂದು ತೀರ್ಮಾನಿಸುವ ವ್ಯವಸ್ಥೆ. ಸ್ವಿಚ್ ಬಾಗಿಲು ಕಾಯುತ್ತದೆ, ಬಿಡಬೇಕೋ ಬೇಡವೋ ಎಂದು ರೇಡಿಯಸ್ ಸರ್ವರ್ ಹೇಳುತ್ತದೆ. ಸಿಸ್ಕೋ ಐಎಸ್‌ಇ, ಅರೂಬಾ ಕ್ಲಿಯರ್‌ಪಾಸ್, ಫೋರ್ಟಿನ್ಯಾಕ್, ಮುಕ್ತ ತಂತ್ರಾಂಶವಾದ ಪ್ಯಾಕೆಟ್‌ಫೆನ್ಸ್ ಎಲ್ಲವೂ ಈ ಕೆಲಸ ಮಾಡುತ್ತವೆ. ಆ ಸೋಮವಾರ ಕೈಕೊಟ್ಟದ್ದು ಸಾಫ್ಟ್‌ವೇರ್ ಅಲ್ಲ. ಲಾಗಿನ್ ಆಗಲು ಬಾರದ ಯಂತ್ರಗಳನ್ನು ಯಾರೂ ಸರಿಯಾಗಿ ಲೆಕ್ಕ ಹಾಕಿರಲಿಲ್ಲ, ಅಷ್ಟೇ.

ಲೇಬಲ್ ಪ್ರಿಂಟರ್‌ನದು ಇಡೀ ಪ್ರಕರಣದಲ್ಲೇ ಹೆಚ್ಚು ಪಾಠ ಕಲಿಸುವಂಥದ್ದು, ಏಕೆಂದರೆ ಅದರ ಮ್ಯಾಕ್ ವಿಳಾಸ, ಅಂದರೆ ನೆಟ್‌ವರ್ಕ್ ಕಾರ್ಡ್‌ನ ಗುರುತಿನ ಸಂಖ್ಯೆ, ಒಳಬಿಡಬೇಕಾದ ಯಂತ್ರಗಳ ಪಟ್ಟಿಯಲ್ಲಿ ಸರಿಯಾಗಿಯೇ ಇತ್ತು. 802.1ಎಕ್ಸ್ ತಿಳಿಯದ ಯಂತ್ರವನ್ನು ಮ್ಯಾಕ್ ವಿಳಾಸ ನೋಡಿ ಒಳಬಿಡುವ ಕ್ರಮಕ್ಕೆ ಮ್ಯಾಬ್ ಎನ್ನುತ್ತಾರೆ. ಆದರೆ ಸ್ವಿಚ್ ನೇರವಾಗಿ ಮ್ಯಾಬ್‌ಗೆ ಹೋಗುವುದಿಲ್ಲ. ಮೊದಲು 'ಯಾರು ನೀನು' ಎಂದು ಕೇಳಿ ಉತ್ತರಕ್ಕೆ ಕಾಯುತ್ತದೆ. ಸಿಸ್ಕೋ ಸ್ವಿಚ್‌ಗಳ ಮೂಲ ಸೆಟಿಂಗ್‌ನಲ್ಲಿ ಒಮ್ಮೆ ಕೇಳಿ 30 ಸೆಕೆಂಡ್ ಕಾಯುತ್ತದೆ, ಇನ್ನೂ ಎರಡು ಸಲ ಹಾಗೆಯೇ ಮಾಡುತ್ತದೆ. ಒಟ್ಟು 90 ಸೆಕೆಂಡ್. ಅಷ್ಟರಲ್ಲಿ ಪ್ರಿಂಟರ್ ಐಪಿ ವಿಳಾಸ ಹಂಚುವ ಡಿಎಚ್‌ಸಿಪಿಯನ್ನು ಕೇಳಿ ಕೇಳಿ ಸಾಕಾಗಿ, 169.254 ಎಂದು ಶುರುವಾಗುವ ವಿಳಾಸವನ್ನು ತಾನೇ ಹಾಕಿಕೊಂಡು ಕೂತುಬಿಡುತ್ತದೆ. 90 ಸೆಕೆಂಡ್ ಮುಗಿದ ಮೇಲೆ ಪೋರ್ಟ್ ತೆರೆದರೂ ಉಪಯೋಗವಿಲ್ಲ. ಸ್ವಿಚ್‌ನಲ್ಲಿ ನೋಡಿದರೆ 'ಒಪ್ಪಿಗೆಯಾಗಿದೆ' ಎಂದೇ ಕಾಣುವುದರಿಂದ ತಪ್ಪು ಎಲ್ಲಿದೆ ಎಂದು ತಿಳಿಯುವುದೂ ಇಲ್ಲ. ಪ್ರಿಂಟರ್ ಆಫ್ ಮಾಡಿ ಆನ್ ಮಾಡಿದರೆ ಲಿಂಕ್ ಬಿದ್ದೆದ್ದು 90 ಸೆಕೆಂಡ್ ಮತ್ತೆ ಮೊದಲಿನಿಂದ. ಸ್ಟೋರ್ಸ್‌ನವರು ಬೆಳಗಿನಿಂದ ಮಾಡಿದ್ದು ಇದನ್ನೇ.

ಪರಿಹಾರ ಸರಳ. ಒಮ್ಮೆ ಕೇಳಿ ಕಾಯುವ ಅವಧಿಯನ್ನು, ಅಂದರೆ ಟಿಎಕ್ಸ್ ಪೀರಿಯಡ್ ಅನ್ನು, 10 ಸೆಕೆಂಡ್‌ಗೆ ಇಳಿಸಿದರೆ ಮ್ಯಾಬ್ 30 ಸೆಕೆಂಡ್‌ಗೆ ಬರುತ್ತದೆ, 7ಕ್ಕೆ ಇಳಿಸಿದರೆ 21ಕ್ಕೆ. ಇದಕ್ಕಿಂತ ಕಡಿಮೆ ಮಾಡಿದರೆ ನಿಧಾನವಾಗಿ ಏಳುವ ಲ್ಯಾಪ್‌ಟಾಪ್‌ಗಳೂ ಮ್ಯಾಬ್‌ಗೆ ಜಾರುತ್ತವೆ. ನಿಮ್ಮಲ್ಲಿರುವ ಪ್ರತಿ ಮಾದರಿಯ ಪ್ರಿಂಟರ್, ಕ್ಯಾಮೆರಾ, ಸ್ಕ್ಯಾನರ್ ಒಂದೊಂದನ್ನು ತಂದು ವಿದ್ಯುತ್ ತೆಗೆದು ಹಾಕಿ ಪರೀಕ್ಷಿಸದೆ ಸಂಖ್ಯೆ ನಿರ್ಧರಿಸಬೇಡಿ.

ಹಾಜರಾತಿ ಯಂತ್ರ ಪಟ್ಟಿಯಲ್ಲೇ ಇರಲಿಲ್ಲ. ಪಟ್ಟಿಯನ್ನು ಡಿಎಚ್‌ಸಿಪಿ ದಾಖಲೆಯಿಂದ ಮಾಡಿದ್ದರು, ಈ ಯಂತ್ರಕ್ಕೆ ಐಪಿಯನ್ನು ಕೈಯಿಂದ ಹಾಕಿತ್ತು. ಮಧ್ಯೆ ಪಟ್ಟಿಗೆ ಸೇರಿಸಿದರೂ ಅದು ಏಳಲಿಲ್ಲ. ಅದು ತಾನಾಗಿ ಮಾತಾಡುವ ಯಂತ್ರವಲ್ಲ. ಸರ್ವರ್ ಕೇಳಿದರೆ ಮಾತ್ರ ಉತ್ತರಿಸುತ್ತದೆ. ಮುಚ್ಚಿದ ಪೋರ್ಟ್ ಎರಡೂ ದಿಕ್ಕು ತಡೆಯುವುದರಿಂದ ಸರ್ವರ್‌ನ ಕರೆ ಯಂತ್ರಕ್ಕೆ ತಲುಪದು. ಯಂತ್ರ ಬಾಯಿ ಬಿಡದಿದ್ದರೆ ಸ್ವಿಚ್‌ಗೆ ಮ್ಯಾಕ್ ವಿಳಾಸ ಕಾಣದು, ಕಾಣದಿದ್ದರೆ ಮ್ಯಾಬ್ ಶುರುವಾಗದು. ಇಂಥ ಪೋರ್ಟ್‌ಗಳಲ್ಲಿ ಒಳಬರುವ ದಿಕ್ಕನ್ನು ಮಾತ್ರ ತಡೆಯುವಂತೆ ಕಂಟ್ರೋಲ್ ಡೈರೆಕ್ಷನ್ ಬದಲಿಸಬೇಕು. ಆಗ ಸರ್ವರ್‌ನ ಕರೆ ಮುಟ್ಟುತ್ತದೆ, ಯಂತ್ರ ಉತ್ತರಿಸುತ್ತದೆ, ಆ ಉತ್ತರವೇ ಮ್ಯಾಬ್ ಎಬ್ಬಿಸುತ್ತದೆ. ಕಾರ್ಖಾನೆಯ ಯಂತ್ರಗಳನ್ನು ನಡೆಸುವ ಕೆಲವು ಪಿಎಲ್‌ಸಿ ನಿಯಂತ್ರಕಗಳೂ, ವೇಕ್ ಆನ್ ಲ್ಯಾನ್‌ನಿಂದ ಎಬ್ಬಿಸುವ ಕಂಪ್ಯೂಟರ್‌ಗಳೂ ಇದೇ ಜಾತಿಗೆ ಸೇರಿದವು.

ಪಟ್ಟಿ ಮಾಡುವುದಾದರೆ ಸ್ವಿಚ್‌ಗಳ ಮ್ಯಾಕ್ ಟೇಬಲ್, ಯಾವ ಐಪಿಗೆ ಯಾವ ಮ್ಯಾಕ್ ಎಂದು ಹೇಳುವ ಕೋರ್ ಸ್ವಿಚ್‌ನ ಎಆರ್‌ಪಿ ಟೇಬಲ್, ಡಿಎಚ್‌ಸಿಪಿ ದಾಖಲೆ ಮೂರನ್ನೂ ದಿನಕ್ಕೆ ಹಲವು ಸಲ ತೆಗೆದು ಕನಿಷ್ಠ ನಾಲ್ಕು ವಾರ ಕೂಡಿಡಿ. ಅದರಲ್ಲಿ ಒಂದು ತಿಂಗಳ ಕೊನೆ ಬಂದಿರಲೇಬೇಕು. ಸಂಬಳದ ಚೀಟಿ ಮುದ್ರಿಸುವ ಪ್ರಿಂಟರ್ ಆ ದಿನ ಮಾತ್ರ ಆನ್ ಆಗುತ್ತದೆ.

ವೇಬ್ರಿಡ್ಜ್‌ನದು ಬೇರೆಯೇ ಕಥೆ. ಮೇಜಿನ ಕೆಳಗೆ ಐದು ಪೋರ್ಟ್‌ನ ಚಿಕ್ಕ ಸ್ವಿಚ್ ಇತ್ತು, ಅದಕ್ಕೆ ಕಂಪ್ಯೂಟರ್, ಕ್ಯಾಮೆರಾ, ಪ್ರಿಂಟರ್ ಸಿಕ್ಕಿಸಿದ್ದರು. ಪೋರ್ಟ್ ಒಂದೇ ಯಂತ್ರವನ್ನು ಒಪ್ಪುವ ಸಿಂಗಲ್ ಹೋಸ್ಟ್‌ನಲ್ಲಿದ್ದುದರಿಂದ ಎರಡನೇ ಮ್ಯಾಕ್ ವಿಳಾಸ ಕಂಡೊಡನೆ ಸ್ವಿಚ್ ಪೋರ್ಟನ್ನೇ ಬಂದ್ ಮಾಡಿತು. ಐಪಿ ಫೋನ್‌ನ ಹಿಂದೆ ಒಂದು ಕಂಪ್ಯೂಟರ್ ಇದ್ದರೆ ಮಲ್ಟಿ ಡೊಮೇನ್, ಚಿಕ್ಕ ಸ್ವಿಚ್ ಇರುವ ಕಡೆ ಪ್ರತಿ ಯಂತ್ರವನ್ನೂ ಬೇರೆಬೇರೆಯಾಗಿ ಕೇಳುವ ಮಲ್ಟಿ ಆಥ್ ಇಡಿ. ಮಲ್ಟಿ ಹೋಸ್ಟ್ ಬೇಡವೇ ಬೇಡ: ಒಬ್ಬ ಒಪ್ಪಿಗೆ ಪಡೆದರೆ ಹಿಂದಿರುವ ಎಲ್ಲರೂ ಒಳಗೆ. ನಿಯಮ ಮೀರಿದರೆ ಪೋರ್ಟ್ ಬಂದ್ ಮಾಡುವ ಬದಲು ಹೊಸ ಯಂತ್ರವನ್ನಷ್ಟೇ ತಡೆಯುವ ರಿಸ್ಟ್ರಿಕ್ಟ್ ಸೆಟಿಂಗ್ ಹಾಕಿ.

ಇನ್ನು ಆ ನಾಲ್ಕು ಲ್ಯಾಪ್‌ಟಾಪ್‌ಗಳು. ನಾಲ್ಕೂ ವಿಂಡೋಸ್ 10. ಕಚೇರಿಯಲ್ಲಿ ಹೊಸದಾಗಿ ಬಂದಿದ್ದವು ವಿಂಡೋಸ್ 11 ಎಂಟರ್‌ಪ್ರೈಸ್. 22ಎಚ್2 ಆವೃತ್ತಿಯಿಂದ ಅದರಲ್ಲಿ ಲಾಗಿನ್ ಗುಟ್ಟುಗಳನ್ನು ಕಾಯುವ ಕ್ರೆಡೆನ್ಷಿಯಲ್ ಗಾರ್ಡ್ ತಾನಾಗಿಯೇ ಚಾಲೂ ಆಗುತ್ತದೆ. ಅದಿದ್ದರೆ ಪಾಸ್‌ವರ್ಡ್ ಆಧಾರಿತ ಲಾಗಿನ್ ವಿಧಾನವಾದ ಪೀಪ್-ಎಂಎಸ್‌ಚಾಪ್ ವಿ2ಗೆ ವಿಂಡೋಸ್ ಲಾಗಿನ್ ತನ್ನಷ್ಟಕ್ಕೆ ಹಾದುಹೋಗುವುದಿಲ್ಲ. ಕ್ರೆಡೆನ್ಷಿಯಲ್ ಗಾರ್ಡ್ ಆಫ್ ಮಾಡುವುದು ಪರಿಹಾರವಲ್ಲ, ದಯವಿಟ್ಟು ಹಾಗೆ ಮಾಡಬೇಡಿ. ಸರ್ಟಿಫಿಕೇಟ್ ಬಳಸುವ ಇಎಪಿ-ಟಿಎಲ್‌ಎಸ್‌ಗೆ ಹೋಗಿ.

ಅಲ್ಲೂ ಗುಂಡಿಗಳಿವೆ. ಮೈಕ್ರೋಸಾಫ್ಟ್ 2022ರ ಮೇ ತಿಂಗಳಲ್ಲಿ ತಂದ ಬದಲಾವಣೆ 2025ರ ಫೆಬ್ರವರಿಯಲ್ಲಿ ಕಡ್ಡಾಯದ ಹಂತಕ್ಕೆ ಬಂತು: ಆಕ್ಟಿವ್ ಡೈರೆಕ್ಟರಿಯ ಖಾತೆಗೂ ಸರ್ಟಿಫಿಕೇಟ್‌ಗೂ ಗಟ್ಟಿ ನಂಟು ಇರಬೇಕು, ಬರೀ ಹೆಸರು ಹೊಂದಿದರೆ ಸಾಲದು. ವಿಂಡೋಸ್‌ನ ಎನ್‌ಪಿಎಸ್ ಅನ್ನೇ ರೇಡಿಯಸ್ ಮಾಡಿಕೊಂಡವರು ಹಳೆಯ ಸರ್ಟಿಫಿಕೇಟ್‌ಗಳನ್ನು ಮತ್ತೆ ಕೊಡಬೇಕಾಗಬಹುದು. ಹುಬ್ಬಳ್ಳಿಯಂಥ ದೂರದ ಶಾಖೆಯಿಂದ ವಿಪಿಎನ್ ಮೂಲಕ ಬರುವಾಗ ಮಾತ್ರ ಲಾಗಿನ್ ಅರ್ಧಕ್ಕೆ ನಿಲ್ಲುತ್ತಿದ್ದರೆ, ದೊಡ್ಡ ಸರ್ಟಿಫಿಕೇಟ್‌ನ ಪ್ಯಾಕೆಟ್‌ಗಳು ತುಂಡಾಗಿ ದಾರಿಯಲ್ಲಿ ಬೀಳುತ್ತಿವೆಯೇ ನೋಡಿ. ಎನ್‌ಪಿಎಸ್‌ನಲ್ಲಿ ಪ್ಯಾಕೆಟ್ ಅಳತೆಯ ಮಿತಿಯಾದ ಫ್ರೇಮ್ಡ್ ಎಂಟಿಯು 1344 ಇಟ್ಟರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಸರ್ವರ್‌ನ ಸರ್ಟಿಫಿಕೇಟ್ ಪರಿಶೀಲಿಸುವ ಗುರುತನ್ನು ತೆಗೆದು 'ಕೆಲಸ ಆಯ್ತು' ಎನ್ನುವವರಿದ್ದಾರೆ. ಪೀಪ್‌ನಲ್ಲಿ ಹಾಗೆ ಮಾಡಿದರೆ ಪಾರ್ಕಿಂಗ್‌ನಲ್ಲಿ ಅದೇ ಹೆಸರಿನ ವೈ-ಫೈ ಹಚ್ಚಿ ಕೂತವನಿಗೆ ನಿಮ್ಮ ಲ್ಯಾಪ್‌ಟಾಪ್ ಲಾಗಿನ್ ಗುರುತನ್ನು ಕೊಟ್ಟುಬಿಡುತ್ತದೆ.

ಸರ್ವರ್ ಸತ್ತರೆ ಏನು? ಮಾರಾಟಕ್ಕೆ ಬಂದವರನ್ನು ಮೊದಲು ಕೇಳಬೇಕಾದ ಪ್ರಶ್ನೆ ಇದು. ರೇಡಿಯಸ್ ಉತ್ತರಿಸದಿದ್ದಾಗ ಯಾವ ವಿಎಲ್ಯಾನ್‌ಗೆ ಬಿಡಬೇಕು ಎಂದು ಸ್ವಿಚ್‌ನಲ್ಲೇ ಬರೆದಿರಬೇಕು, ಫೋನ್‌ಗಳಿಗೆ ಬೇರೆಯಾಗಿ. ಬರೆದರೆ ಸಾಲದು, ಎರಡೂ ರೇಡಿಯಸ್ ಸರ್ವರ್‌ಗಳ ಕೇಬಲ್ ಕಿತ್ತು ನೋಡಬೇಕು. ಕರೆಂಟ್ ಹೋಗಿ ಬಂದಾಗ ಸ್ವಿಚ್‌ಗಳೆಲ್ಲ ಒಟ್ಟಿಗೆ ಎದ್ದು ಇಡೀ ಕಟ್ಟಡ ಒಂದೇ ಸಲ ಒಪ್ಪಿಗೆ ಕೇಳುತ್ತದೆ. ಸರ್ವರ್‌ನ ಅಳತೆಯನ್ನು ಆ ಗಳಿಗೆಗೆ ನೋಡಿ ನಿಗದಿ ಮಾಡಿ. ರೇಡಿಯಸ್, ಡೊಮೇನ್ ಕಂಟ್ರೋಲರ್, ಡಿಎನ್‌ಎಸ್ ಓಡುವ ಯಂತ್ರಗಳ ಪೋರ್ಟ್‌ಗೆ 802.1ಎಕ್ಸ್ ಹಾಕಬೇಡಿ. ಬೀಗದ ಕೈಯನ್ನು ಬೀರುವಿನೊಳಗಿಟ್ಟು ಬಾಗಿಲು ಹಾಕಿದಂತಾಗುತ್ತದೆ.

ಮ್ಯಾಬ್ ಭದ್ರತೆಯಲ್ಲ ಎನ್ನುವುದೂ ನೆನಪಿರಲಿ. ಪ್ರಿಂಟರ್‌ನ ಮ್ಯಾಕ್ ವಿಳಾಸ ಬಹಳ ಕಡೆ ಅದರ ಬೆನ್ನಿನ ಚೀಟಿಯಲ್ಲೇ ಇರುತ್ತದೆ. ಮ್ಯಾಬ್‌ನಿಂದ ಬಂದದ್ದಕ್ಕೆ ಪ್ರಿಂಟ್ ಸರ್ವರ್ ಅನ್ನಷ್ಟೇ ಮುಟ್ಟಲು ಬಿಡುವ ಎಸಿಎಲ್ ನಿಯಮ ಕೊಡಿ. ರೇಡಿಯಸ್ ಉತ್ತರವನ್ನು ದಾರಿಯಲ್ಲಿ ತಿದ್ದಲು ಬಿಡುವ, 2024ರ ಜುಲೈನಲ್ಲಿ ಬಯಲಾದ ಬ್ಲಾಸ್ಟ್-ರೇಡಿಯಸ್ ದೋಷ ಮ್ಯಾಬ್‌ನಂಥ ಇಎಪಿ ಅಲ್ಲದ ವಿನಂತಿಗಳನ್ನೇ ತಟ್ಟುತ್ತದೆ. ಸ್ವಿಚ್, ಸರ್ವರ್ ಎರಡರಲ್ಲೂ ಸಂದೇಶವನ್ನು ಯಾರೂ ತಿದ್ದಿಲ್ಲ ಎಂದು ಖಚಿತಪಡಿಸುವ ಮೆಸೇಜ್ ಆಥೆಂಟಿಕೇಟರ್ ಕಡ್ಡಾಯ ಮಾಡಬಹುದೇ ಎಂದು ಕೊಳ್ಳುವ ಮುನ್ನ ಕೇಳಿ.

ಕೊಳ್ಳುವಾಗ ಇನ್ನೂ ಕೆಲವು. ಲೈಸೆನ್ಸ್ ಒಟ್ಟು ಯಂತ್ರಗಳ ಲೆಕ್ಕವೋ, ಏಕಕಾಲಕ್ಕೆ ಒಳಗಿರುವವುಗಳದೋ? ಒಬ್ಬ ನೌಕರನಿಗೆ ಲ್ಯಾಪ್‌ಟಾಪ್, ಫೋನ್, ಮೊಬೈಲ್ ಮೂರಾಗುತ್ತವೆ. ಯಂತ್ರದ ಬಗೆ ಗುರುತಿಸುವುದು, ಆಂಟಿವೈರಸ್ ಇದೆಯೇ ನೋಡುವುದು ಮೇಲಿನ ದರ್ಜೆಯ ಲೈಸೆನ್ಸ್‌ನಲ್ಲಿ ಮಾತ್ರವೇ? ಬೇರೆ ಬೇರೆ ಕಂಪನಿಯ ಸ್ವಿಚ್‌ಗಳಿದ್ದರೆ ಒಳಗಿರುವವರನ್ನು ಹೊರಹಾಕುವ ಸಿಒಎ ಆದೇಶ ಎಲ್ಲದಕ್ಕೂ ಮುಟ್ಟುತ್ತದೆಯೇ? ಆ ಆದೇಶಕ್ಕೆ ಪ್ರಮಾಣಿತ ಯುಡಿಪಿ ಪೋರ್ಟ್ ಸಂಖ್ಯೆ 3799, ಸಿಸ್ಕೋದು ಬಹುಕಾಲದಿಂದ 1700. ಫೈರ್‌ವಾಲ್‌ನಲ್ಲಿ ಒಂದನ್ನೇ ತೆರೆದು ಮರೆತವರು ಬಹಳ. ಸೈಬರ್ ಭದ್ರತೆ ನೋಡುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ ನಿರ್ದೇಶನದಂತೆ 180 ದಿನದ ಲಾಗ್ ಇಡಬೇಕು, ಅಷ್ಟಕ್ಕೆ ಡಿಸ್ಕ್ ಇದೆಯೇ?

ಹಾಕುವ ಕ್ರಮ ಹೀಗಿರಲಿ. ಮೊದಲು ಮಾನಿಟರ್ ಮೋಡ್: ಸ್ವಿಚ್ ಕೇಳುತ್ತದೆ, ಸರ್ವರ್ ಬರೆದಿಡುತ್ತದೆ, ಯಾರನ್ನೂ ತಡೆಯುವುದಿಲ್ಲ. ವಿಫಲವಾದವುಗಳ ಪಟ್ಟಿ ಒಂದು ವಾರ ಸತತ ಖಾಲಿ ಇರುವವರೆಗೆ ಅಲ್ಲೇ ನಿಲ್ಲಿ. ಆಮೇಲೆ ಒಪ್ಪಿಗೆಗೂ ಮೊದಲು ಡಿಎಚ್‌ಸಿಪಿ, ಡಿಎನ್‌ಎಸ್ ಮಾತ್ರ ಬಿಡುವ ಎಸಿಎಲ್ ಹಾಕಿ, ಐಟಿಯವರ ಮಹಡಿಯಿಂದ ಶುರುಮಾಡಿ. ಪೂರ್ತಿ ಮುಚ್ಚುವ ಹಂತ ಅನೇಕ ಕಡೆ ಬೇಕಾಗುವುದೇ ಇಲ್ಲ. ದಿನಕ್ಕೆ ಒಂದೇ ರ‍್ಯಾಕ್, ಅದೂ ಮಂಗಳವಾರ ಅಥವಾ ಬುಧವಾರ, ಆ ವಿಭಾಗದವರು ಕೆಲಸದಲ್ಲಿರುವಾಗ. ಪ್ರತಿ ಸ್ವಿಚ್‌ನ ಹಳೆಯ ಸೆಟಿಂಗ್ ಪೆನ್‌ಡ್ರೈವ್‌ನಲ್ಲಿ, ಕನ್ಸೋಲ್ ಕೇಬಲ್ ಕೈಯಲ್ಲಿ. ಪ್ರತಿ ರ‍್ಯಾಕ್‌ನಲ್ಲೂ ಒಂದು ಪೋರ್ಟ್‌ಗೆ 802.1ಎಕ್ಸ್ ಇಲ್ಲದೆ ಮ್ಯಾನೇಜ್‌ಮೆಂಟ್ ವಿಎಲ್ಯಾನ್ ಕೊಟ್ಟು, ರ‍್ಯಾಕ್‌ಗೆ ಬೀಗ ಹಾಕಿ, ಕೀಲಿ ಯಾರ ಬಳಿ ಇದೆ ಎಂದು ರಾತ್ರಿ ಪಾಳಿಯವರಿಗೂ ಹೇಳಿಡಿ.