ಮುಂದೆ ತಳುಕು, ಹಿಂದೆ ಲಾರಿ

ಈ ಶಾಪಿಂಗ್ ಸೆಂಟರಿಗೆ ಐದರಲ್ಲಿ ಎರಡು ಸ್ಟಾರ್ ಕೊಟ್ಟಿದ್ದೇನೆ. ಎರಡೂ ಮುಂಭಾಗಕ್ಕೆ. ಅಂಗಡಿಗಳು ಚೆನ್ನಾಗಿವೆ, ಪಾರ್ಕಿಂಗ್ ಸಿಗುತ್ತದೆ, ಸಾಮಾನು ವಾಪಸ್ ತಂದರೆ ಮುಖ ಸಿಂಡರಿಸದೆ ತೆಗೆದುಕೊಳ್ಳುತ್ತಾರೆ. ವಾರಕ್ಕೆ ಎರಡು ಸಲ ನಾನೇ ಹೋಗುತ್ತೇನೆ, ಸುಳ್ಳು ಯಾಕೆ ಹೇಳಲಿ. ಆದರೆ ನಮ್ಮ ಮನೆ ಇರುವುದು ಅದರ ಬೆನ್ನಿಗೆ. ಅವರ ಹಿಂದಿನ ಗೇಟಿಗೂ ನಾವು ಮಲಗುವ ಕೋಣೆಯ ಕಿಟಕಿಗೂ ನಡುವೆ ಒಂದು ಗಲ್ಲಿ, ಅಷ್ಟೇ.

ಕಳೆದ ತಿಂಗಳವರೆಗೂ ಮೊದಲ ಟ್ರಕ್ ಬೆಳಗಿನ ಜಾವ ನಾಲ್ಕೂವರೆಗೆ ಬರುತ್ತಿತ್ತು. ಉದ್ದನೆಯ ಟ್ರೇಲರ್. ತಿರುವಿನಲ್ಲಿ ಮುಂದಿನ ಚಕ್ರ ಹೋದ ದಾರಿಯಲ್ಲೇ ಹಿಂದಿನದು ಹೋಗುವುದಿಲ್ಲ ಅಲ್ವಾ, ಒಳಕ್ಕೆ ಎಳೆದುಕೊಂಡು ಬರುತ್ತದೆ. ಹಾಗೆ ಬಂದು ಬಂದು ಮೂಲೆಯ ಚಪ್ಪಡಿ ಮೂರು ತುಂಡಾಗಿದೆ, ನಮ್ಮ ಕಾಂಪೌಂಡಿನ ಅಂಚಿನಲ್ಲಿ ಕಪ್ಪು ಟಯರಿನ ಗುರುತು ಮೊಣಕಾಲೆತ್ತರಕ್ಕೆ ಇದೆ. ಒಂದೇ ಸಲಕ್ಕೆ ತಿರುಗದು. ಹಿಂದೆ, ಮುಂದೆ, ಮತ್ತೆ ಹಿಂದೆ. ಪ್ರತಿ ಸಲವೂ ಆ ಬೀಪ್. ರಿವರ್ಸ್ ಅಲಾರಂ ಸಾಮಾನ್ಯವಾಗಿ 97 ರಿಂದ 112 ಡೆಸಿಬಲ್ ಇರುತ್ತದೆ. ದೂರ ಎರಡು ಪಟ್ಟಾದರೆ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ, ನಿಜ, ಆದರೆ ಅದು ಬಯಲಿನಲ್ಲಿ. ಎರಡೂ ಕಡೆ ಗೋಡೆ ಇರುವ ಗಲ್ಲಿಯಲ್ಲಿ ಸದ್ದಿಗೆ ಹೋಗಲು ಜಾಗ ಎಲ್ಲಿದೆ? ಮಲಗುವ ಕೋಣೆಯಲ್ಲಿ ಒಂದೊಂದೇ ಸದ್ದು 45 ಡೆಸಿಬಲ್ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲೇ ಹೇಳಿದೆ. ಬೀಪ್ ಮುಗಿದ ಮೇಲೆ ಕಬ್ಬಿಣದ ಟ್ರಾಲಿಗಳು ಇಳಿಯುತ್ತವೆ. ಅದರ ಸದ್ದು ಬರೆದು ತೋರಿಸಲು ಆಗುವುದಿಲ್ಲ, ಬಿಡಿ.

ಈಗ ಜಗಳದ ವಿಷಯ. ಮಂಜೂರಾದ ನಕ್ಷೆ ತೆಗೆಸಿ ನೋಡಿದೆ. ಅದರಲ್ಲಿ ಟ್ರಕ್ ಮುಖ್ಯ ರಸ್ತೆಯಿಂದ ಬಂದು, ಕಟ್ಟಡದ ಕೆಳಗಿನ ಡಾಕಿನಲ್ಲಿ ಸರಕು ಇಳಿಸಿ, ಒಳಗೇ ತಿರುಗಿ, ಮುಖ ಮುಂದಾಗಿ ಹೊರಗೆ ಹೋಗಬೇಕು. ಚೆನ್ನಾಗಿಯೇ ಯೋಚಿಸಿದ್ದಾರೆ. ಆದರೆ ಇವತ್ತು ಆ ಡಾಕ್ ಗೋಡೌನ್ ಆಗಿದೆ, ಟ್ರಕ್ ತಿರುಗಬೇಕಾದ ಜಾಗದಲ್ಲಿ ರಟ್ಟಿನ ಪೆಟ್ಟಿಗೆಗಳು ತಲೆಮಟ್ಟ ಪೇರಿಸಿವೆ. ಮ್ಯಾನೇಜರ್ ಹತ್ತಿರ ಹೋದರೆ, "ಗಲ್ಲಿಯಲ್ಲಿ ನಮಗೆ ದಾರಿ ಹಕ್ಕಿದೆ ಸಾರ್, ಪತ್ರದಲ್ಲೇ ಇದೆ" ಅಂದರು. ಇದೆ, ಇಲ್ಲ ಅನ್ನುವುದಿಲ್ಲ. ಇಂಥ ಹಕ್ಕು ಸಾಮಾನ್ಯವಾಗಿ ಜಮೀನಿಗೆ ಅಂಟಿಕೊಂಡಿರುತ್ತದೆ, ಜಾಗ ಯಾರ ಕೈಗೆ ಹೋದರೂ ಜೊತೆಗೆ ಹೋಗುತ್ತದೆ. ಆದರೆ ಹಕ್ಕು ಇದೆ ಅನ್ನುವುದು ಬೇರೆ, ಎಷ್ಟಿದೆ ಅನ್ನುವುದು ಬೇರೆ. ಅಲ್ಲಿ ಹಿಂದೆ ಇದ್ದದ್ದು ಒಂದು ಸಣ್ಣ ಶೆಡ್, ದಿನಕ್ಕೊಂದು ವ್ಯಾನ್ ಬಂದರೆ ಜಾಸ್ತಿ. ಅದಕ್ಕೆ ಕೊಟ್ಟ ದಾರಿಯಲ್ಲಿ ಇಡೀ ಸೆಂಟರಿನ ಟ್ರೇಲರ್ ಓಡಿಸುವುದು ಬೆರಳು ಕೊಟ್ಟರೆ ಹಸ್ತ ನುಂಗುವ ಕೆಲಸ. ರಸ್ತೆಯ ಲೆಕ್ಕವೂ ಹಾಗೇ: ಒಂದು ಆಕ್ಸಲ್ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಏಟು ಎರಡು ಪಟ್ಟಲ್ಲ, ಸುಮಾರು ಹದಿನಾರು ಪಟ್ಟು. ಆ ಗಲ್ಲಿಯ ಕೆಳಗೆ ನಮ್ಮ ನೀರಿನ ಪೈಪಿದೆ.

ಡ್ರೈವರುಗಳ ಮೇಲೆ ನನಗೆ ಸಿಟ್ಟಿಲ್ಲ. ಒಬ್ಬರನ್ನು ನಿಲ್ಲಿಸಿ ಕೇಳಿದೆ, "ಯಾಕಣ್ಣ ಈ ಕಡೆ?" ಮೊಬೈಲ್ ತೋರಿಸಿದರು. ಸೆಂಟರಿನವರೇ ಕಳಿಸಿದ ಲೊಕೇಶನ್, ಗುರುತು ನೇರ ಹಿಂದಿನ ಗೇಟಿನ ಮೇಲೆ. ಡಾಕ್ ಖಾಲಿ ಮಾಡಿ, ಲೊಕೇಶನ್ ಬದಲಿಸಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಬೀಪ್ ಬದಲು ಬುಸ್ ಬುಸ್ ಅನ್ನುವ ಅಲಾರಂ ಕೂಡ ಸಿಗುತ್ತದೆ, ಅದರ ಸದ್ದು ದೂರಕ್ಕೆ ಅಷ್ಟು ಚುಚ್ಚುವುದಿಲ್ಲ.

ದೂರು ಕೊಟ್ಟಿದ್ದಕ್ಕೆ ಒಂದು ಫಲ ಸಿಕ್ಕಿತು. ರಾತ್ರಿ 10 ರಿಂದ ಬೆಳಿಗ್ಗೆ 6 ರವರೆಗೆ ಹಿಂದಿನ ಗೇಟಿನಲ್ಲಿ ಸರಕು ಇಳಿಸುವಂತಿಲ್ಲ ಎಂದು ಬೋರ್ಡ್ ಬಂತು. ಈಗ ಟ್ರಕ್ ಐದೂ ಕಾಲಿಗೇ ಬಂದು ಕಿಟಕಿ ಕೆಳಗೆ ನಿಲ್ಲುತ್ತದೆ, ತಣ್ಣನೆಯ ಸರಕು ಕೆಡಬಾರದೆಂದು ಫ್ರಿಜ್ ಮೋಟರ್ ಆನ್ ಮಾಡಿಕೊಂಡೇ. ಗೇಟು ಮಾತ್ರ ಸರಿಯಾಗಿ ಆರಕ್ಕೇ ತೆರೆಯುತ್ತಾರೆ.