ಸಿದ್ಧಗಂಗೆಯ ದಾಸೋಹ: ಊಟದ ಸಾಲಿನಲ್ಲಿ ಒಂದು ರಾಜಕೀಯ ಪ್ರಶ್ನೆ

ತುಮಕೂರಿನ ಹೊರವಲಯದ ಕ್ಯಾತ್ಸಂದ್ರದಲ್ಲಿ ಬೆಂಗಳೂರು ಹೆದ್ದಾರಿಯನ್ನು ಬಿಟ್ಟು ಸ್ವಲ್ಪ ಒಳಕ್ಕೆ ಹೋದರೆ ಸಿಗುವ ಸಿದ್ಧಗಂಗಾ ಮಠದಲ್ಲಿ ಬಂದವರಿಗೆಲ್ಲ ಊಟವಿದೆ. ಹಣ ಕೇಳುವುದಿಲ್ಲ, ಜಾತಿ ಕೇಳುವುದಿಲ್ಲ, ಮಠದ ಭಕ್ತರೇ ಅಲ್ಲವೇ ಎಂದೂ ವಿಚಾರಿಸುವುದಿಲ್ಲ. ಊಟದ ಮನೆಗಳ ಬಗ್ಗೆ ಬರೆಯುವಾಗ ಬೆಲೆ, ರುಚಿ, ಬಡಿಸುವ ರೀತಿ ಇವಿಷ್ಟನ್ನು ನೋಡುವುದು ರೂಢಿ. ಇಲ್ಲಿ ಬೆಲೆಯೇ ಇಲ್ಲ. ಉಳಿದೆರಡರ ಬಗ್ಗೆ ಹೇಳಬೇಕಾದದ್ದು ಬೇಗ ಮುಗಿಯುತ್ತದೆ. ಆದರೆ ಧಾರ್ಮಿಕ ನಂಬಿಕೆಗೂ ಪ್ರಗತಿಪರ ರಾಜಕಾರಣಕ್ಕೂ ಇರುವ ಸಂಬಂಧವೇನು ಎಂದು ಯೋಚಿಸುವವರಿಗೆ ಈ ಜಿಲ್ಲೆಯಲ್ಲಿ ಇದಕ್ಕಿಂತ ಒಳ್ಳೆಯ ಜಾಗ ನನಗೆ ಕಾಣಿಸಿಲ್ಲ. ಆದ್ದರಿಂದ ಈ ಬರಹದ ಹೆಚ್ಚಿನ ಭಾಗ ಅದನ್ನೇ ಕುರಿತದ್ದು.

ಊಟ ಸರಳವಾದದ್ದು. ಅನ್ನ, ಸಾಂಬಾರು, ಮಜ್ಜಿಗೆ. ವಿಶೇಷ ದಿನಗಳಲ್ಲಿ ಪಾಯಸ. ದೊಡ್ಡ ಕೊಪ್ಪರಿಗೆಗಳಲ್ಲಿ ಸಾವಿರಾರು ಜನರಿಗಾಗಿ ಬೇಯುವ ಸಾಂಬಾರಿನಲ್ಲಿ ಮನೆಯಡುಗೆಯ ನಾಜೂಕನ್ನು ಹುಡುಕಬಾರದು. ಬಿಸಿಯಾಗಿರುತ್ತದೆ, ಹೊಟ್ಟೆ ತುಂಬುವಷ್ಟು ಬಡಿಸುತ್ತಾರೆ, ಎರಡನೆಯ ಸಲ ಕೇಳಲು ಸಂಕೋಚಪಡಬೇಕಾಗಿಲ್ಲ. ಇಲ್ಲಿನ ಒಲೆ ಆರಿದ್ದೇ ಇಲ್ಲ ಎಂದು ಭಕ್ತರು ಹೇಳುತ್ತಾರೆ. ಸುಗ್ಗಿಯ ನಂತರ ಸುತ್ತಲಿನ ಹಳ್ಳಿಗಳ ರೈತರು ರಾಗಿ, ಅಕ್ಕಿ, ತರಕಾರಿ, ತೆಂಗಿನಕಾಯಿಗಳನ್ನು ತಂದು ಒಪ್ಪಿಸುವ ಪದ್ಧತಿ ಇಂದಿಗೂ ನಡೆದುಬಂದಿದೆ. ಉಣ್ಣುವವರಲ್ಲಿ ಹಲವರು ಹೀಗೆ ಕೊಟ್ಟವರೇ ಆಗಿರುವುದರಿಂದ, ಇಲ್ಲಿ ದಾನಿ ಮತ್ತು ದೀನ ಎಂಬ ಎರಡು ಪಂಗಡಗಳು ಸುಲಭವಾಗಿ ಬೇರ್ಪಡುವುದಿಲ್ಲ.

ಈ ವ್ಯವಸ್ಥೆಯನ್ನು ಇಷ್ಟು ವಿಸ್ತಾರವಾಗಿ ಬೆಳೆಸಿದವರು ಶಿವಕುಮಾರ ಸ್ವಾಮೀಜಿ. 1930ರಲ್ಲಿ ವಿರಕ್ತಾಶ್ರಮ ಸ್ವೀಕರಿಸಿದ ಅವರು ಉದ್ಧಾನ ಶಿವಯೋಗಿಗಳ ನಂತರ 1941ರಲ್ಲಿ ಮಠದ ಹೊಣೆ ಹೊತ್ತರು. ಅನ್ನ, ಅಕ್ಷರ, ಆಶ್ರಯ ಎಂಬ ಮೂರನ್ನೂ ಒಟ್ಟಿಗೆ ಕೊಡುವ ತ್ರಿವಿಧ ದಾಸೋಹದ ನೆರಳಿನಲ್ಲಿ ಎಲ್ಲ ಜಾತಿ, ಎಲ್ಲ ಧರ್ಮಗಳ ಸುಮಾರು 10,000 ಮಕ್ಕಳು ಉಚಿತವಾಗಿ ಉಂಡು, ಉಳಿದು, ಓದುವಂತಾಯಿತು. 2019ರ ಜನವರಿ 21ರಂದು, 111ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡಾಗ, ಮಕ್ಕಳ ಊಟ ಮುಗಿದ ಮೇಲಷ್ಟೇ ಸಾವಿನ ಸುದ್ದಿ ತಿಳಿಸಬೇಕೆಂಬುದು ಅವರದೇ ಇಚ್ಛೆಯಾಗಿತ್ತೆಂದು ಮಠದವರು ಹೇಳಿದ್ದರು. ಸರ್ಕಾರಿ ಹಾಸ್ಟೆಲುಗಳು ವಿರಳವಾಗಿದ್ದ ದಶಕಗಳಲ್ಲಿ ಪಾವಗಡ, ಶಿರಾ, ಮಧುಗಿರಿಯಂಥ ಬರಪೀಡಿತ ತಾಲ್ಲೂಕುಗಳ ಬಡ ಕುಟುಂಬಗಳಿಗೆ ಇಂಥ ಒಂದು ಬಾಗಿಲು ತೆರೆದಿದ್ದುದರ ಅರ್ಥವೇನೆಂಬುದನ್ನು ಆ ಕಾಲ ಕಂಡವರಿಗೆ ವಿವರಿಸಬೇಕಾಗಿಲ್ಲ.

ನಂಬಿಕೆ ಎಂದರೆ ಪ್ರತಿಗಾಮಿ, ಅದನ್ನು ಮನೆಯ ದೇವರಗೂಡಿನಲ್ಲೇ ಬಿಟ್ಟು ಬಂದವನಷ್ಟೇ ಪ್ರಗತಿಪರ ಎನ್ನುವ ಗೆಳೆಯರು ತುಮಕೂರಿನಲ್ಲಿಯೂ ಇದ್ದಾರೆ. ಅವರ ಕಾಳಜಿಯ ಬಗ್ಗೆ ನನಗೆ ಗೌರವವಿದೆ, ಆದರೆ ಈ ನಿಲುವನ್ನು ಒಪ್ಪಲಾರೆ. ಸಹಪಂಕ್ತಿ ಭೋಜನ ನಮ್ಮ ನಾಡಿನಲ್ಲಿ ಯಾವ ಪಕ್ಷದ ಪ್ರಣಾಳಿಕೆಯಿಂದಲೂ ಹುಟ್ಟಲಿಲ್ಲ. ಹನ್ನೆರಡನೆಯ ಶತಮಾನದ ಶರಣರು ಕಾಯಕ ಮತ್ತು ದಾಸೋಹಗಳನ್ನು ಶಿವಭಕ್ತಿಯ ಲಕ್ಷಣವೆಂದೇ ಸಾರಿ, ಹುಟ್ಟಿನ ಮೇಲುಕೀಳನ್ನು ಆ ಭಕ್ತಿಯ ಬಲದಿಂದಲೇ ನಿರಾಕರಿಸಿದರು. 1927ರಲ್ಲಿ ಮಹಾರಾಷ್ಟ್ರದ ಮಹಾಡದಲ್ಲಿ, ದಲಿತರು ಮುಟ್ಟದಂತೆ ತಡೆದಿದ್ದ ಕೆರೆಯ ನೀರಿಗಾಗಿ ಹೋರಾಡಿದ ಅಂಬೇಡ್ಕರ್ ಅವರು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರೊಂದಿಗೆ ಬೌದ್ಧ ಧರ್ಮವನ್ನು ಸ್ವೀಕರಿಸಿದರು. ಸಂವಿಧಾನವನ್ನು ರೂಪಿಸಿದ ಮೇಲೂ ಧಮ್ಮ ಬೇಕೆಂದು ಅವರಿಗೆ ಅನಿಸಿದ್ದನ್ನು ಅವರ ದೌರ್ಬಲ್ಯವೆಂದು ಯಾರೂ ಹೇಳಲಾರರು. ಅಮೆರಿಕದ ಮಾಂಟ್ಗೊಮರಿಯಲ್ಲಿ ಬಸ್ಸುಗಳಲ್ಲಿನ ವರ್ಣಭೇದವನ್ನು ವಿರೋಧಿಸಿ 1955ರ ಡಿಸೆಂಬರಿನಲ್ಲಿ ಶುರುವಾದ ಬಸ್ ಬಹಿಷ್ಕಾರದ ಸಭೆಗಳು ಕೂಡ ಕಪ್ಪು ಜನರ ಚರ್ಚುಗಳಲ್ಲಿಯೇ ನಡೆದವು, ಮಾರ್ಟಿನ್ ಲೂಥರ್ ಕಿಂಗ್ ಅಲ್ಲಿ ಪಾದ್ರಿಯಾಗಿದ್ದರು. ಬಹುಕಾಲ ಸೋಲನ್ನು ತಾಳಿಕೊಂಡು ಕೆಲಸ ಮಾಡುವ ಜನ ಇಂಥ ಕಡೆಗಳಿಂದ ಬಂದಿದ್ದಾರೆ ಎಂಬುದನ್ನು ಎಡಪಂಥದ ಗೆಳೆಯರು ಇನ್ನಷ್ಟು ಗಂಭೀರವಾಗಿ ಪರಿಗಣಿಸಬೇಕು.

ಹಾಗೆಂದು ಮಠದ ಅಡುಗೆಮನೆಯೇ ಸಾಕು, ಸರ್ಕಾರ ಸುಮ್ಮನಿರಲಿ ಎಂಬ ಮಾತನ್ನೂ ನಾನು ಒಪ್ಪುವುದಿಲ್ಲ. ಶಾಲೆಯಲ್ಲಿ ಬೇಯಿಸಿದ ಊಟ ಕೊಡಬೇಕೆಂದು ಸುಪ್ರೀಂ ಕೋರ್ಟ್ 2001ರಲ್ಲಿ ಆದೇಶಿಸಿದ ನಂತರ ಕರ್ನಾಟಕ ತನ್ನ ಬಿಸಿಯೂಟ ಯೋಜನೆಗೆ 'ಅಕ್ಷರ ದಾಸೋಹ' ಎಂದು ಹೆಸರಿಟ್ಟಿತು. ಶರಣರ ಮಾತು ಸರ್ಕಾರದ ಕಡತವನ್ನು ಸೇರಿದ್ದು ನನಗೆ ಸಂತೋಷದ ವಿಷಯ. ಮಠದಲ್ಲಿ ಊಟ ಸಿಗುವುದು ಸ್ವಾಮಿಗಳ ಕರುಣೆಯಿಂದ ಮತ್ತು ಭಕ್ತರ ಔದಾರ್ಯದಿಂದ. ಶಾಲೆಯಲ್ಲಿ ಅದು ಮಗುವಿನ ಹಕ್ಕು, ಸಿಗದಿದ್ದರೆ ಪಂಚಾಯಿತಿಯ ಮುಂದೆ ನಿಂತು ಕೇಳಬಹುದು. ಈ ವ್ಯತ್ಯಾಸ ಎಷ್ಟು ಮುಖ್ಯವೆಂಬುದು 2021ರ ಡಿಸೆಂಬರಿನಲ್ಲಿ ಸ್ಪಷ್ಟವಾಯಿತು. ಅಪೌಷ್ಟಿಕತೆ ಹೆಚ್ಚಿದ್ದ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಶಾಲಾಮಕ್ಕಳಿಗೆ ಮೊಟ್ಟೆ ಕೊಡಲು ಸರ್ಕಾರ ಆರಂಭಿಸಿದಾಗ ನಾಡಿನ ಕೆಲವು ಮಠಾಧೀಶರು ಬಹಿರಂಗವಾಗಿ ವಿರೋಧಿಸಿದರು. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಇತ್ತು. ಆದರೂ ತಿನ್ನುವ ಮಕ್ಕಳಿಗೂ ಕೊಡಬಾರದೆಂಬ ಒತ್ತಾಯ ಬಂತು. ಗಂಗಾವತಿಯ ಶಾಲಾ ಬಾಲಕಿಯೊಬ್ಬಳು ತಮಗೆ ಮೊಟ್ಟೆ ಬೇಕೆಂದು ನೇರವಾಗಿ ಕೇಳಿದ ವಿಡಿಯೊವನ್ನು ಆಗ ನಾಡೆಲ್ಲ ನೋಡಿತು. ತನ್ನ ಆವರಣದಲ್ಲಿ ಏನನ್ನು ಬೇಯಿಸಬೇಕೆಂದು ತೀರ್ಮಾನಿಸುವ ಅಧಿಕಾರ ಮಠಕ್ಕೆ ಖಂಡಿತ ಇದೆ. ಸರ್ಕಾರಿ ಶಾಲೆಯ ಬಡ ಮಗುವಿನ ತಟ್ಟೆಯ ಮೇಲೆ ಆ ಅಧಿಕಾರ ಯಾವ ಮಠಕ್ಕೂ ಇಲ್ಲ. ಆ ಬಾಲಕಿಯ ಪರವಾಗಿ ನಿಲ್ಲುವುದು ದಾಸೋಹದ ಆಶಯಕ್ಕೆ ಹತ್ತಿರವಾದದ್ದೆಂದು ನಾನು ನಂಬಿದ್ದೇನೆ.

ಇನ್ನೊಂದು ಕೊರತೆ ನಮ್ಮ ರಾಜಕಾರಣದ್ದು. ಚುನಾವಣೆ ಬಂತೆಂದರೆ ಎಲ್ಲ ಪಕ್ಷಗಳ ನಾಯಕರೂ ಸಿದ್ಧಗಂಗೆಗೆ ಬರುತ್ತಾರೆ, ಗದ್ದುಗೆಗೆ ನಮಸ್ಕರಿಸುತ್ತಾರೆ, ಛಾಯಾಚಿತ್ರ ತೆಗೆಸಿಕೊಳ್ಳುತ್ತಾರೆ. ಅವರಲ್ಲಿ ಎಷ್ಟು ಮಂದಿ ತಮ್ಮ ಕ್ಷೇತ್ರದ ಹಳ್ಳಿಗಳಲ್ಲಿ ದಲಿತರಿಗೆ ಇಂದಿಗೂ ತೆರೆಯದ ದೇವಸ್ಥಾನಗಳ ಬಗ್ಗೆ, ಬೇರೆ ಲೋಟ ಇಡುವ ಹೋಟೆಲುಗಳ ಬಗ್ಗೆ ಮಾತನಾಡಿದ್ದಾರೆ? ಇಲ್ಲಿನ ಪಂಕ್ತಿಯನ್ನು ಹೊಗಳಿ ಊರಿಗೆ ಮರಳಿದ ಮೇಲೆ ಅಲ್ಲಿನ ಪಂಕ್ತಿಭೇದಕ್ಕೆ ಮೌನ ವಹಿಸುವವರು ಮಠಕ್ಕೆ ಗೌರವ ಸಲ್ಲಿಸಿದಂತಾಗುವುದಿಲ್ಲ. ಪ್ರಗತಿಪರರು ಮಠದ ಕಡೆ ತಲೆಹಾಕದೆ ದೂರ ಉಳಿದಷ್ಟೂ ಈ ಪ್ರಶ್ನೆಯನ್ನು ಭಕ್ತರ ಭಾಷೆಯಲ್ಲಿ, ಭಕ್ತರ ಮುಂದೆ ಕೇಳುವವರೇ ಇಲ್ಲದಂತಾಗುತ್ತದೆ.

ಹೋಗಬಯಸುವವರಿಗೆ ಕೆಲವು ಮಾತು. ತುಮಕೂರು ಬಸ್ ನಿಲ್ದಾಣದಿಂದ ಕ್ಯಾತ್ಸಂದ್ರಕ್ಕೆ ಬಸ್ಸುಗಳಿವೆ, ಕ್ಯಾತ್ಸಂದ್ರದಲ್ಲಿ ರೈಲು ನಿಲ್ದಾಣವೂ ಇದೆ. ಶಿವರಾತ್ರಿಯ ಸಮಯದಲ್ಲಿ ಜಾತ್ರೆ ಮತ್ತು ದನಗಳ ಪರಿಷೆ ನಡೆಯುವುದರಿಂದ ಜನಸಂದಣಿ ವಿಪರೀತ. ವಯಸ್ಸಾದವರನ್ನು ಕರೆದೊಯ್ಯುವವರು ಬೇರೆ ದಿನಗಳನ್ನು ಆರಿಸಿಕೊಳ್ಳುವುದು ಒಳ್ಳೆಯದು. ಸಾವಿರಾರು ಮಕ್ಕಳು ಒಟ್ಟಾಗಿ ಮಾಡುವ ಸಾಮೂಹಿಕ ಪ್ರಾರ್ಥನೆಯನ್ನು ನೋಡಬೇಕೆಂದಿದ್ದರೆ ಸಂಜೆಯವರೆಗೆ ಉಳಿಯಬೇಕು. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಹೆಸರುವಾಸಿಯಾದದ್ದೇ, ಆದರೆ ಅದನ್ನು ಹಿಂದಿರುಗುವಾಗ ತಿನ್ನಿ. ಮಧ್ಯಾಹ್ನದ ಊಟಕ್ಕೆ ಹಸಿದೇ ಹೋಗಿ. ಮನೆಯಲ್ಲಿ ರಾಗಿಯೋ ಅಕ್ಕಿಯೋ ಇದ್ದರೆ ಒಂದು ಚೀಲ ಜೊತೆಗಿರಲಿ.