ಸೇಬಿನ ಮರಕ್ಕೆ ಆಯುರಾರೋಗ್ಯ ಕೋರುವ ಸಂಜೆ: ಸಾಮರ್‌ಸೆಟ್‌ನ ಸಮುದಾಯ ತೋಟವೊಂದರ ವಾಸೇಲ್

ಇಂಗ್ಲೆಂಡಿನ ಸಾಮರ್‌ಸೆಟ್ ಕೌಂಟಿಗೆ ನಾವು ಬಂದು ಆರು ವರ್ಷಗಳಾದವು. ಈ ಜನವರಿ 17ರ ಸಂಜೆ, ಮನೆಯಿಂದ ನಾಲ್ಕು ಮೈಲಿ ದೂರದ ಹಳ್ಳಿಯ ಸಮುದಾಯ ತೋಟದಲ್ಲಿ ನಡೆದ ವಾಸೇಲ್‌ಗೆ, ಅಂದರೆ ಸೇಬಿನ ಮರಕ್ಕೆ ಹಾರೈಸುವ ಆಚರಣೆಗೆ, ಪತ್ನಿ ಮತ್ತು ಒಂಬತ್ತು ವರ್ಷದ ಮಗಳೊಂದಿಗೆ ಹೋಗಿ ಬಂದೆ. ಇದಕ್ಕೆ ಮೊದಲು ಎರಡು ಸಲ, ಸೈಡರ್ (ಸೇಬಿನ ರಸವನ್ನು ಹುದುಗಿಸಿದ ಮದ್ಯ) ತಯಾರಿಸಿ ಮಾರುವವರ ದೊಡ್ಡ ತೋಟಗಳಲ್ಲಿ ಟಿಕೆಟ್ ಕೊಂಡು ವಾಸೇಲ್ ನೋಡಿದ್ದೆವು. ಅಲ್ಲಿ ವೇದಿಕೆ, ವಾದ್ಯಗೋಷ್ಠಿ, ಬಣ್ಣದ ದೀಪಗಳೆಲ್ಲ ಇದ್ದವು. ಮರ ಮಾತ್ರ ಎಲ್ಲೋ ಹಿಂದೆ, ಕತ್ತಲಲ್ಲಿ ನಿಂತಿತ್ತು. ಈ ಚಿಕ್ಕ ತೋಟದಲ್ಲಿ ಸಂಜೆಯೆಲ್ಲ ಮರದ ಸುತ್ತಲೇ ನಡೆಯಿತು. ಬ್ರಿಸ್ಟಲ್, ಬಾತ್ ಕಡೆಯಿಂದ ಹೋಗಬೇಕೆನ್ನುವ ಕನ್ನಡ ಕುಟುಂಬಗಳಿಗೆ ಉಪಯೋಗವಾಗಲೆಂದು ಅಲ್ಲಿ ಕಂಡದ್ದನ್ನೂ ಕೊರತೆಯೆನಿಸಿದ್ದನ್ನೂ ಬರೆಯುತ್ತಿದ್ದೇನೆ.

ವಾಸೇಲ್ ಎಂದರೆ ‘ಆರೋಗ್ಯವಾಗಿರು’ ಎಂಬ ಹಳೆಯ ಹಾರೈಕೆ. ಮನೆಮನೆಗೆ ಹೋಗಿ ಹಾಡಿ ಹಾರೈಸುವ ಪದ್ಧತಿ ಒಂದಾದರೆ, ಸೇಬು ಬೆಳೆಯುವ ಸೀಮೆಗಳಲ್ಲಿ ಮರಕ್ಕೇ ಹಾರೈಸುವ ಪದ್ಧತಿ ಇನ್ನೊಂದು. ಕೆಂಟ್ ಪ್ರಾಂತದ ಫೋರ್ಡ್‌ವಿಚ್ ಎಂಬಲ್ಲಿ 1585ರಲ್ಲೇ ಇದರ ದಾಖಲೆಯಿದೆ. ಸಾಮಾನ್ಯವಾಗಿ ಕ್ರಿಸ್‌ಮಸ್‌ನ ಹನ್ನೆರಡನೆಯ ರಾತ್ರಿ, ಅಂದರೆ ಜನವರಿ 5 ಅಥವಾ 6ರಂದು ಇದನ್ನು ಆಚರಿಸುತ್ತಾರೆ. ಆದರೆ 1752ರಲ್ಲಿ ಬ್ರಿಟನ್ ಗ್ರೆಗೋರಿಯನ್ ಕ್ಯಾಲೆಂಡರಿಗೆ ಬದಲಾಗಿ, ಸೆಪ್ಟೆಂಬರ್ 2ರ ಮರುದಿನವನ್ನು 14 ಎಂದು ಎಣಿಸಿ ಹನ್ನೊಂದು ದಿನಗಳನ್ನು ಬಿಟ್ಟುಬಿಟ್ಟಾಗ, ಸಾಮರ್‌ಸೆಟ್‌ನ ಕೆಲವು ಹಳ್ಳಿಗಳು ಹಳೆಯ ಲೆಕ್ಕವನ್ನೇ ಹಿಡಿದುಕೊಂಡವು. ಇದೇ ಕೌಂಟಿಯ ಕಾರ್‌ಹ್ಯಾಂಪ್ಟನ್‌ನಲ್ಲಿ ಇಂದಿಗೂ ಜನವರಿ 17ಕ್ಕೇ ವಾಸೇಲ್. ನಾವು ಹೋದ ತೋಟದವರೂ ಶನಿವಾರದ ಅನುಕೂಲಕ್ಕೆ ದಿನ ಬದಲಿಸದೆ ಆ ತಾರೀಖನ್ನೇ ಉಳಿಸಿಕೊಂಡಿದ್ದಾರೆ ಎಂಬುದು ನನಗೆ ಬಹಳ ಹಿಡಿಸಿತು.

ತೋಟದಲ್ಲಿ ಅರವತ್ತರಷ್ಟು ಮರಗಳಿವೆ. ಡ್ಯಾಬಿನೆಟ್, ಕಿಂಗ್‌ಸ್ಟನ್ ಬ್ಲ್ಯಾಕ್‌ನಂತಹ ಸಾಮರ್‌ಸೆಟ್‌ನದೇ ಸೈಡರ್ ತಳಿಗಳ ನಡುವೆ ಅಡುಗೆಗೆ ಬಳಸುವ ಬ್ರ್ಯಾಮ್ಲಿ ಮರಗಳೂ ಇವೆ. ತೋಟ ಒಬ್ಬರ ಸ್ವತ್ತಲ್ಲ; ಊರಿನವರೇ ಕೊಂಬೆ ಸವರಿ, ಕಸಿ ಕಟ್ಟಿ, ಹಣ್ಣು ಕೊಯ್ದು ಹಂಚಿಕೊಳ್ಳುತ್ತಾರೆ. ಇಂತಹ ಸಮುದಾಯ ತೋಟಗಳ ಕಲ್ಪನೆಯನ್ನು 1990ರ ದಶಕದ ಆರಂಭದಲ್ಲಿ ಕಾಮನ್ ಗ್ರೌಂಡ್ ಎಂಬ ಸಂಸ್ಥೆ ಮುಂದಿಟ್ಟಿತು; 1990ರ ಅಕ್ಟೋಬರ್ 21ರಂದು ಲಂಡನ್ನಿನ ಕೋವೆಂಟ್ ಗಾರ್ಡನ್‌ನಲ್ಲಿ ಮೊದಲ ಸೇಬಿನ ದಿನವನ್ನು ಆಚರಿಸಿದ್ದೂ ಅದೇ ಸಂಸ್ಥೆ. ಇಂಗ್ಲೆಂಡಿನಲ್ಲಿ ಹಳೆಯ ಮಾದರಿಯ ಹಣ್ಣಿನ ತೋಟಗಳು ಕಳೆದ ಶತಮಾನದಲ್ಲಿ ಬಹುಪಾಲು ನಾಶವಾಗಿವೆ. ಆ ನಷ್ಟ ತಿಳಿದವರಿಗೆ, ಅರವತ್ತು ಮರಗಳಿಗಾಗಿ ಒಂದು ಊರು ಚಳಿಯಲ್ಲಿ ಸೇರುವುದು ಸಣ್ಣ ಸಂಗತಿಯಲ್ಲ.

ಸಂಜೆ ಐದೂವರೆಗೆ ಶಾಲೆಯ ಅಂಗಳದಿಂದ ಪಂಜಿನ ಮೆರವಣಿಗೆ ಹೊರಟಿತು. ಪ್ರವೇಶಕ್ಕೆ ಶುಲ್ಕವಿಲ್ಲ, ಬಾಗಿಲಲ್ಲಿ ಡಬ್ಬಿ ಇಟ್ಟಿದ್ದರು, ಕೈಲಾದಷ್ಟು ಹಾಕಬಹುದು. ಮುಂದೆ ಹೆಜ್ಜೆಗೆಜ್ಜೆ ಕಟ್ಟಿದ ಮಾರಿಸ್ ಎಂಬ ಇಂಗ್ಲಿಷ್ ಜಾನಪದ ಕುಣಿತದ ನರ್ತಕರು ಕೋಲು ತಟ್ಟುತ್ತ ನಡೆದರು. ಕೆಲವು ತಂಡಗಳಲ್ಲಿ ಮುಖಕ್ಕೆ ಪೂರ್ತಿ ಕಪ್ಪು ಬಳಿದುಕೊಳ್ಳುವ ರೂಢಿಯಿತ್ತು. ಅದು ಕಪ್ಪು ಜನರ ಅಣಕದಂತೆ ಕಂಡು ನೋವುಂಟುಮಾಡುತ್ತದೆಂದು 2020ರಲ್ಲಿ ಮಾರಿಸ್ ಒಕ್ಕೂಟಗಳು ಅದನ್ನು ಕೈಬಿಡಲು ತೀರ್ಮಾನಿಸಿದವು. ಈ ತಂಡದವರು ಹಸಿರು ಬಣ್ಣ ಹಚ್ಚಿದ್ದರು. ಮಕ್ಕಳನ್ನು ಕರೆದೊಯ್ಯುವ ನಮ್ಮಂತಹವರಿಗೆ ಇದು ನೆಮ್ಮದಿಯ ವಿಷಯ.

ಮೆರವಣಿಗೆ ತೋಟದ ಅತ್ಯಂತ ಹಳೆಯ ಮರದ ಬಳಿ ನಿಂತಿತು. ಅಲ್ಲಿ ನಡೆದ ಅರ್ಧ ಗಂಟೆಗಾಗಿಯೇ ಯಾರಾದರೂ ಇಷ್ಟು ದೂರ ಬರಬಹುದು. ಸೈಡರ್‌ನಲ್ಲಿ ಅದ್ದಿದ ಟೋಸ್ಟನ್ನು ರಾಬಿನ್ ಹಕ್ಕಿಗಳಿಗೆಂದು ಕೊಂಬೆಗೆ ಸಿಕ್ಕಿಸುವುದು ಪದ್ಧತಿ. ಆ ಹಕ್ಕಿಗಳು ತೋಟ ಕಾಯುವ ಒಳ್ಳೆಯ ಶಕ್ತಿಗಳೆಂದು ಹಿಂದಿನವರು ನಂಬಿದ್ದರು. ನನ್ನ ಮಗಳ ಕೈಗೂ ಒಂದು ತುಂಡು ಬಂತು. ಅವಳು ತುದಿಗಾಲಲ್ಲಿ ನಿಂತು ಕೈ ಎತ್ತಿದಾಗ ಸೈಡರ್ ತೊಟ್ಟಿಕ್ಕಿ ಕೋಟಿನ ತೋಳಿನೊಳಗೆ ಮೊಣಕೈವರೆಗೆ ಇಳಿಯಿತು. ಅದನ್ನು ಕಂಡ ಹಿರಿಯ ಸ್ವಯಂಸೇವಕರೊಬ್ಬರು ಕೊಂಬೆಯನ್ನು ಬಗ್ಗಿಸಿ ಹಿಡಿದು, ಟಾರ್ಚ್ ಬಿಟ್ಟು, ಮೊಗ್ಗುಗಳನ್ನು ತೋರಿಸಿದರು: ದುಂಡಗೆ ಉಬ್ಬಿ, ಬೂದುಬಣ್ಣದ ನವಿರು ರೋಮ ಹೊದ್ದದ್ದು ಹೂವಿನ ಮೊಗ್ಗು, ತೊಗಟೆಗೆ ಅಂಟಿಕೊಂಡು ಚಪ್ಪಟೆಯಾಗಿರುವುದು ಎಲೆಯ ಮೊಗ್ಗು. ಮಗಳು ಎಣಿಸತೊಡಗಿದಳು. ಆ ಒಂದು ಗೇಣು ಕೊಂಬೆಯಲ್ಲಿ ಏಳು ಹೂಮೊಗ್ಗುಗಳಿದ್ದವು.

ಸೇಬಿನ ಮರ ಸರಿಯಾಗಿ ಹೂಬಿಡಬೇಕಾದರೆ ನೂರಾರು ತಾಸು ಚಳಿಯಲ್ಲಿ ನಿದ್ರಿಸಲೇಬೇಕು. ಸೈಡರ್ ತಳಿಗಳಲ್ಲಿ ಬಹಳಷ್ಟು ಒಂದು ವರ್ಷ ಭರ್ತಿ ಹಣ್ಣು ಕೊಟ್ಟು ಮರುವರ್ಷ ಬರಿಗೈ ತೋರಿಸುತ್ತವೆ. ಇದನ್ನು ತಿಳಿದುಕೊಂಡರೆ, ನಡುಚಳಿಯಲ್ಲಿ ಮರದ ಬುಡಕ್ಕೆ ಸೈಡರ್ ಎರೆದು, ‘ಟೋಪಿ ತುಂಬ, ಚೀಲ ತುಂಬ ಹಣ್ಣು ಕೊಡು’ ಎಂದು ಊರೆಲ್ಲ ಕೇಳಿಕೊಳ್ಳುವುದರ ಹಿಂದಿರುವ ಆತಂಕ ಅರ್ಥವಾಗುತ್ತದೆ. ನಾನು ಕಲಬುರಗಿ ಕಡೆಯವನು. ಎಳ್ಳಮಾವಾಸ್ಯೆಯ ದಿನ ಹೊಲಕ್ಕೆ ಚರಗ ಚೆಲ್ಲುತ್ತ ಅಪ್ಪ ಬೆಳೆಯ ನಡುವೆ ಕೂಗುತ್ತ ನಡೆಯುತ್ತಿದ್ದುದು ಆ ಕತ್ತಲಲ್ಲಿ ನನಗೆ ನೆನಪಾಯಿತು. ಎರಡೂ ಬೇರೆ ಬೇರೆ ಆಚರಣೆಗಳು, ಬೇರೆ ಮಣ್ಣಿನವು. ಆದರೂ ಬೆಳೆಯೆದುರು ನಿಂತು ಬೇಡಿಕೊಳ್ಳುವ ದನಿಯನ್ನು ನನ್ನ ಕಿವಿ ಗುರುತಿಸಿತು.

ಆಮೇಲೆ ಸದ್ದು. ಕೆಟ್ಟ ಶಕ್ತಿಗಳನ್ನು ಓಡಿಸಲು, ಮರವನ್ನು ಎಚ್ಚರಿಸಲು ಹಲವೆಡೆ ಕೊಂಬೆಗಳ ನಡುವೆ ಬಂದೂಕು ಹಾರಿಸುತ್ತಾರೆ. ಹಿಂದೆ ನಾವು ಹೋದ ದೊಡ್ಡ ತೋಟದಲ್ಲಿ ಮುನ್ಸೂಚನೆಯಿಲ್ಲದೆ ಹಾರಿಸಿದಾಗ ಮಗಳು ಬೆಚ್ಚಿ ಅತ್ತಿದ್ದಳು. ಇಲ್ಲಿ ಬಂದೂಕಿಲ್ಲ, ಪಾತ್ರೆ ತರಲು ಮೊದಲೇ ಹೇಳಿದ್ದರು. ನಮ್ಮ ಸ್ಟೀಲ್ ತಟ್ಟೆ ಮತ್ತು ಸೌಟಿನ ಸದ್ದು ಅವರ ಬಾಣಲೆಗಳ ಸದ್ದನ್ನು ಮೀರಿಸಿತು. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ತಟ್ಟೆಯನ್ನು ಕೇಳಿ ಪಡೆದು ತಾವೂ ಬಡಿದರು.

ಊಟದ ವಿಷಯ ಚುಟುಕಾಗಿ ಹೇಳಬಹುದು. ಚಕ್ಕೆ, ಲವಂಗ, ಶುಂಠಿ ಹಾಕಿ ಬಿಸಿ ಮಾಡಿದ ಸೈಡರ್ ಹದವಾಗಿತ್ತು, ಸಿಹಿ ಕಡಿಮೆ. ಮದ್ಯ ಸೇವಿಸದವರಿಗೂ ಮಕ್ಕಳಿಗೂ ಅದೇ ಮಸಾಲೆಯ ಸೇಬಿನ ರಸವಿತ್ತು. ತರಕಾರಿ ಸೂಪು ಮತ್ತು ಸೇಬಿನ ಕೇಕು ಊರಿನವರೇ ಮಾಡಿದ್ದವು. ಕೇಕಿನಲ್ಲಿ ಮೊಟ್ಟೆ ಇದೆಯೆಂದು ಚೀಟಿ ಬರೆದಿಟ್ಟಿದ್ದರು. ಹೊರಗಿನಿಂದ ಕರೆಸಿದ್ದ ತಿಂಡಿ ವ್ಯಾನಿನ ಸೇವೆ ಮಾತ್ರ ಚೆನ್ನಾಗಿರಲಿಲ್ಲ. ನಲವತ್ತು ನಿಮಿಷ ಸರದಿಯಲ್ಲಿ ನಿಂತ ಮೇಲೆ ಸಸ್ಯಾಹಾರ ಮುಗಿದಿದೆ ಎಂದರು, ಅದರ ಜನರೇಟರಿನ ಗದ್ದಲದಲ್ಲಿ ಹಾಡಿನ ಕೊನೆಯ ಸಾಲುಗಳು ಕೇಳಿಸಲೇ ಇಲ್ಲ. ಊರಿನವರ ಸೂಪನ್ನೇ ಇನ್ನೆರಡು ಹಂಡೆ ಮಾಡಿದ್ದರೆ ಆ ವ್ಯಾನಿನ ಅಗತ್ಯವೇ ಬೀಳುತ್ತಿರಲಿಲ್ಲ.

ಆದರೆ ನನ್ನನ್ನು ನಿಜಕ್ಕೂ ನೋಯಿಸಿದ್ದು ಬೇರೆ. ಮಳೆಯಿಂದ ನೆನೆದ ನೆಲದ ಮೇಲೆ ಮುನ್ನೂರರಷ್ಟು ಜನ ಹಳೆಯ ಮರದ ಬುಡಕ್ಕೇ ಒತ್ತಿ ನಿಂತಿದ್ದರು. ಒದ್ದೆ ಮಣ್ಣು ಹೀಗೆ ತುಳಿತಕ್ಕೆ ಸಿಕ್ಕಿ ಬಿಗಿದುಕೊಂಡರೆ ಬೇರಿಗೆ ಗಾಳಿ ಸಿಗುವುದಿಲ್ಲ, ನೀರು ಇಂಗುವುದಿಲ್ಲ. ಪಕ್ಕದಲ್ಲಿ ಹೊಸದಾಗಿ ನೆಟ್ಟ ಎಳೆಯ ಗಿಡಗಳಿಗೆ ಹಗ್ಗದ ಅಡ್ಡಪಟ್ಟಿಯೂ ಇರಲಿಲ್ಲ. ಕತ್ತಲಲ್ಲಿ ಯಾರದೋ ಕಾಲು ತಾಗಿ ಒಂದು ಗಿಡ ಕಸಿಯ ಗಂಟಿನ ಬಳಿಯೇ ಸೀಳಿತು. ಮರದ ಆರೋಗ್ಯ ಕೋರಲು ಬಂದವರಿಂದ ಮರಕ್ಕೆ ಪೆಟ್ಟಾಗಬಾರದು. ಮರದ ಸುತ್ತ ಮರದ ತೊಗಟೆಯ ಚೂರು ಹರಡಿ, ಕೊಂಬೆಗಳ ಹರವಿನಷ್ಟು ಅಗಲಕ್ಕೆ ಹಗ್ಗ ಕಟ್ಟಿ, ಸರದಿಯಂತೆ ಹತ್ತಿರ ಬಿಟ್ಟರೆ ಸಾಕು. ಸಂಘಟಕರಿಗೆ ಇದನ್ನು ಬರೆದು ತಿಳಿಸಿದೆ. ಎರಡೇ ದಿನಕ್ಕೆ ಉತ್ತರ ಬಂತು, ಮುಂದಿನ ವರ್ಷಕ್ಕೆ ಹಗ್ಗ ಹಾಕುವುದಾಗಿ ಒಪ್ಪಿದ್ದಾರೆ.

ಹೋಗುವವರು ಗಂಬೂಟು ಹಾಕಿಕೊಂಡು ಹೋಗಿ. ಸಾಮಾನ್ಯ ಶೂ ಆ ಕೆಸರಿಗೆ ತಡೆಯುವುದಿಲ್ಲ. ಶಾಲೆಯಿಂದ ತೋಟದವರೆಗಿನ ದಾರಿಯಲ್ಲಿ ದೀಪಗಳಿಲ್ಲ, ಆದ್ದರಿಂದ ಟಾರ್ಚ್ ಇರಲಿ. ನಿಮ್ಮದೇ ಲೋಟ ಒಯ್ದರೆ ಪಾನೀಯಕ್ಕೆ ಬೆಲೆ ಕಡಿಮೆ. ಗಾಲಿಕುರ್ಚಿ ಬಳಸುವವರು ಗೇಟಿನವರೆಗೆ ಬರಬಹುದಷ್ಟೆ, ಒಳಗೆ ಹಲಗೆಯ ಹಾದಿ ಹಾಕಿಲ್ಲ; ಇದೂ ಸರಿಯಾಗಬೇಕಾದ ಕೊರತೆ. ಫೆಬ್ರವರಿಯ ಭಾನುವಾರಗಳಂದು ಅದೇ ತೋಟದಲ್ಲಿ ಕೊಂಬೆ ಸವರುವುದನ್ನು ಉಚಿತವಾಗಿ ಕಲಿಸುತ್ತಾರೆ. ಕತ್ತರಿ, ಗರಗಸ ಅವರೇ ಕೊಡುತ್ತಾರೆ. ಮೊದಲ ಭಾನುವಾರಕ್ಕೆ ನಾನೂ ಮಗಳೂ ಹೆಸರು ಬರೆಸಿದ್ದೇವೆ. ಸೀಳಿದ ಆ ಗಿಡದ ಜಾಗಕ್ಕೆ ಹೊಸ ಕಸಿಗಿಡ ನೆಡುವುದೂ ಅಂದೇ.